ಪೆಪ್ಪರ್‌ಮೆಂಟ್ ಡಬ್ಬಿಯಲ್ಲಿ ಕಬ್ಬಿಣ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಅಂಚು ಯಾವಾಗಲೂ ನೀಲಿಯಾಗಿರುತ್ತಿತ್ತು. ತಾಮ್ರದ ಉಪ್ಪಾದ ಮೈಲುತುತ್ತವನ್ನು ನೀರಿನಲ್ಲಿ ಕದಡಿ ಕದಡಿ ಹಿಡಿದ ಬಣ್ಣ. ಗೌರಿಬಿದನೂರಿನ ಒಂದು ಸಣ್ಣ ದವಾಖಾನೆಯಲ್ಲಿ ಅವರು ಕಾಂಪೌಂಡರ್. ಅಲೀಪುರದಿಂದ ದಿನಾ ಸೈಕಲ್ ತುಳಿದು ಬರುತ್ತಿದ್ದರು. ಎಲ್ಲರಿಗೂ ಅವರು ಕಾಂಪೌಂಡರ್ ಸಾಹೇಬರು.

ಬಸುರಿಯರು ಬಂದರೆ ಬೆರಳಿಗೆ ಸೂಜಿ ಚುಚ್ಚಿ, ಒಂದು ತೊಟ್ಟು ರಕ್ತವನ್ನು ಆ ನೀಲಿ ನೀರಿಗೆ ಬಿಡುವರು. ತೊಟ್ಟು ಮುಳುಗಿದರೆ ರಕ್ತ ಗಟ್ಟಿ. ತೇಲಿದರೆ ತೆಳು, ಕಬ್ಬಿಣದ ಗುಳಿಗೆ ಬೇಕು. "ಡಾಕ್ಟ್ರು ಸುಳ್ಳು ಹೇಳಬೋದು, ನಾನೂ ಹೇಳಬೋದು. ತಾಮ್ರ ಹೇಳಲ್ಲಮ್ಮ," ಎನ್ನುವರು.

ನನ್ನ ಅಕ್ಕ ಎರಡನೆಯ ಸಲ ಬಸುರಿಯಾದಾಗ ಅವಳ ತೊಟ್ಟು ತೇಲಿತು. ಸಾಹೇಬರು ಸಕ್ಕರೆ ಲೇಪದ ಹಸಿರು ಗುಳಿಗೆ ಕೊಟ್ಟು, "ಮಗು ಕೈಗೆ ಸಿಗದಂಗೆ ಅಟ್ಟದ ಮೇಲಿಡಮ್ಮ," ಎಂದರು. ಆದರೆ ಅಕ್ಕನ ಅತ್ತೆ ಬಿಡಬೇಕಲ್ಲ! "ಕಬ್ಬಿಣ ತಿಂದ್ರೆ ಕೂಸು ಕರ್ರಗೆ ಹುಟ್ತದೆ," ಎಂದು ಹಟ. ನಾನು ಆಗಷ್ಟೇ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದ ಬುದ್ಧಿವಂತ. ಪೆಪ್ಪರ್‌ಮೆಂಟಿನ ತಗಡು ಡಬ್ಬಿಯೊಂದನ್ನು ತಂದು, "ಇದ್ರಲ್ಲಿ ಹಾಕಿಡೇ ಅಕ್ಕ, ಮುದುಕಿಗೆ ಗೊತ್ತಾಗಲ್ಲ," ಎಂದೆ.

ಮುದುಕಿಗೆ ಗೊತ್ತಾಗಲಿಲ್ಲ. ಅಕ್ಕನ ಎರಡು ವರ್ಷದ ಮಗಳಿಗೆ ಗೊತ್ತಾಯಿತು.

ಒಂದು ಬೆಳಿಗ್ಗೆ ಮಗು ಕಂದು ಬಣ್ಣದ ವಾಂತಿ ಮಾಡಿಕೊಂಡಿತು. ಪಕ್ಕದಲ್ಲಿ ಬರಿದಾದ ಡಬ್ಬಿ. ದವಾಖಾನೆಗೆ ಓಡಿದೆವು. ಅಷ್ಟರಲ್ಲಿ ವಾಂತಿ ನಿಂತು, ಮಗು ನನ್ನ ಕಿವಿ ಹಿಡಿದು ಆಡುತ್ತಿತ್ತು. ಡಾಕ್ಟರು ಊರಲ್ಲಿರಲಿಲ್ಲ.

"ಈಗ ಸರಿಹೋಯ್ತಲ್ಲ ಸಾಹೇಬ್ರೆ. ಕಬ್ಬಿಣ ಟಾನಿಕ್ ತಾನೆ? ಮನೆಗೆ ಕರ್ಕೊಂಡು ಹೋಗ್ತೀವಿ," ಎಂದೆ.

"ಅರೆ, ಸುಮ್ನಿರಪ್ಪ ಬಿ.ಎಸ್ಸಿ.! ಹಿಂಗೇ ಆಡ್ತಿದ್ದ ಮಗೂನ ಒಂದ್ಸಲ ಮನೆಗೆ ಕಳಿಸಿದ್ದೆ. ಮಾರನೇ ದಿನ ಹೆಣ ತಂದ್ರು."

ಯಾರ ಅಪ್ಪಣೆಗೂ ಕಾಯದೆ ಅವರೇ ರಬ್ಬರ್ ಕೊಳವೆ ಇಳಿಸಿ, ಸೋಡಾ ಕದಡಿದ ನೀರಿನಿಂದ ಹೊಟ್ಟೆ ತೊಳೆದರು. ಬೇಸಿನ್ನಿಗೆ ಹಸಿರು ಚೂರುಗಳು ಬಿದ್ದವು. ಮಗುವಿನ ಕಾಲು ಹಿಡಿದಿದ್ದವನು ನಾನು. ಆ ಒದೆತ ಇವತ್ತಿಗೂ ನನ್ನ ಅಂಗೈಯಲ್ಲಿದೆ.

"ಮಿಠಾಯಿ ಡಬ್ಬೀಲಿ ಯಾರಮ್ಮ ಇಟ್ಟಿದ್ದು? ತಲೆ ಇದೆಯಾ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ನಾನೇ," ಎಂದಳು. ನಾನು ಬೇಸಿನ್ ಎತ್ತಿಕೊಂಡು ಹೊರಗೆ ಚೆಲ್ಲಲು ಹೋದೆ.

ಮಗುವನ್ನು ದೊಡ್ಡಾಸ್ಪತ್ರೆಗೆ ತೋರಿಸಲು ಮಧ್ಯಾಹ್ನದ ರೈಲಿನಲ್ಲಿ ನಮ್ಮ ಜೊತೆ ಸಾಹೇಬರೂ ಬೆಂಗಳೂರಿಗೆ ಬಂದರು. ಯಲಹಂಕ ದಾಟುವಾಗ ಅವರ ತೊಡೆಯ ಮೇಲಿದ್ದ ಮಗುವಿನ ಕೈಕಾಲು ತಣ್ಣಗಾದವು. ನನ್ನ ಮಾತು ಕೇಳಿದ್ದರೆ ಆ ಹೊತ್ತಿಗೆ ಅದು ಮನೆಯಲ್ಲಿ ಮಲಗಿರುತ್ತಿತ್ತು. ಹೊಟ್ಟೆ ತೊಳೆದದ್ದರಿಂದಲೇ ಉಳಿಯಿತು ಎಂದರು ದೊಡ್ಡಾಸ್ಪತ್ರೆಯಲ್ಲಿ. ನಮ್ಮೂರ ಡಾಕ್ಟರು ಮಾತ್ರ ಕೊಳವೆ ಮುಟ್ಟಿದ್ದಕ್ಕೆ ಸಾಹೇಬರನ್ನು ಎಲ್ಲರೆದುರು ಬೈದರು.

ಅಂದಿನಿಂದ ಗುಳಿಗೆ ಕೊಡುವಾಗೆಲ್ಲ ಅವರದು ಒಂದೇ ಕಥೆ: "ಒಬ್ಳು ಪೆದ್ದು ತಾಯಿ ಇದ್ಲಮ್ಮ, ಪೆಪ್ಪರ್‌ಮೆಂಟ್ ಡಬ್ಬೀಲಿ ಇಟ್ಟಿದ್ಲು..." ನಿಜ ಹೇಳಿಬಿಡಬೇಕೆಂದು ಎಷ್ಟು ಸಲ ಹೋದೆನೋ. ಪ್ರತಿ ಸಲವೂ ಅವರು ಕೊಡಿಸಿದ ಚಹಾ ಕುಡಿದು, ಆ ಕಥೆ ಕೇಳಿಕೊಂಡು, ನನ್ನನ್ನೇ ಶಪಿಸುತ್ತ ವಾಪಸು ಬಂದೆ. ಅವರು ತೀರಿಕೊಂಡಾಗ ಅಲೀಪುರಕ್ಕೆ ಹೋಗಿ ಮಣ್ಣು ಹಾಕಿದೆ. ಮಣ್ಣಿಗೆ ಹೇಳಿ ಏನು ಬಂತು?

ಆಮೇಲೊಮ್ಮೆ ಬಸುರಿ ಹೆಂಡತಿಯನ್ನು ಅದೇ ದವಾಖಾನೆಗೆ ಕರೆದೊಯ್ದಿದ್ದೆ. ಸಾಹೇಬರ ಕೈಕೆಳಗೆ ಕಲಿತ ನರ್ಸಮ್ಮ ಗುಳಿಗೆ ಕಟ್ಟಿಕೊಡುತ್ತ ಶುರುಮಾಡಿದರು: "ಒಬ್ಳು ಪೆದ್ದು ತಾಯಿ ಇದ್ಲಂತೆ..."

"ತಾಯಿ ಅಲ್ಲಮ್ಮ," ಎಂದೆ. "ಮಗುವಿನ ಸೋದರಮಾವ."