ಗಿರಿಜವ್ವನ ಕಣ್ಣು ತೆರೆಸಿದ ಸೈದಪ್ಪ

ಕಳವಾ ಎಂಬ ಊರಿನ ಸಣ್ಣ ಖೋಲಿಯೊಂದರಲ್ಲಿ ಸೈದಪ್ಪನವರು ಹಳೆಯ ಕಪ್ಪು-ಬಿಳುಪು ಫೋಟೊಗಳನ್ನು ರೇಖಾಚಿತ್ರ ಮಾಡಿಕೊಡುತ್ತಾರೆ. ಯಾದಗಿರಿ ಕಡೆಯವರು. ಕಲ್ಯಾಣದ ಸ್ಟುಡಿಯೊ ಒಂದು ಮುಚ್ಚುವವರೆಗೂ ಅಲ್ಲಿ ಪ್ರಿಂಟ್ ತೊಳೆಯುತ್ತಿದ್ದರು. ಅವರ ಕೆಲಸವನ್ನು ಮೊದಲ ಸಲ ನೋಡುವವರಿಗೆ ಎದೆ ಝಲ್ಲೆನ್ನುತ್ತದೆ. ಫೋಟೊದ ಮೇಲೆಯೇ ನೀರಿಗೆ ಕರಗದ ಕಪ್ಪು ಶಾಯಿಯಿಂದ ಗೆರೆ ಎಳೆಯುತ್ತಾರೆ. ಆಮೇಲೆ ಅದನ್ನು ಔಷಧದ ತಟ್ಟೆಯಲ್ಲಿ ಮುಳುಗಿಸುತ್ತಾರೆ. ಫೋಟೊ ಅಳಿಸಿಹೋಗಿ, ಬಿಳಿ ಕಾಗದದ ಮೇಲೆ ಗೆರೆಗಳಷ್ಟೇ ಉಳಿಯುತ್ತವೆ. ಮತ್ತೆ ನೋಡುತ್ತೇನೆಂದರೆ ಫೋಟೊ ಇರುವುದಿಲ್ಲ. ಹಾಗಾಗಿ ಅದರಲ್ಲಿ ಇಲ್ಲದ್ದನ್ನು ಅವರು ಬರೆಯುವುದಿಲ್ಲ. ಕೋಟು ಇಲ್ಲದವರಿಗೆ ಕೋಟು ತೊಡಿಸುವುದಿಲ್ಲ ಎಂದು ಬಂದವರಿಗೆ ಮೊದಲೇ ಹೇಳಿಬಿಡುತ್ತಾರೆ.

ಈ ನಿಯಮಕ್ಕೆ ಅಡ್ಡ ಬಂದವರು ಡೊಂಬಿವಲಿಯ ಗಿರಿಜವ್ವ. ಜೊತೆಗೆ ಗಂಡ ಯಂಕಣ್ಣ, ಉಲ್ಹಾಸನಗರದಲ್ಲಿ ಬಟ್ಟೆ ವ್ಯಾಪಾರ ಮಾಡಿ ಈಗ ಮನೆಯಲ್ಲಿರುವವರು. ಅವರು ತಂದದ್ದು ತಮ್ಮ ಮದುವೆಯ ಒಂದೇ ಒಂದು ಫೋಟೊ. ಫ್ಲ್ಯಾಶ್ ಬಿದ್ದ ಗಳಿಗೆಗೆ ಮದುಮಗಳು ಕಣ್ಣು ಮುಚ್ಚಿಬಿಟ್ಟಿದ್ದಳು. ಅಕ್ಷತೆ ಬೀಳುವಾಗಲೂ ಇವಳಿಗೆ ನಿದ್ದೆ ಎಂದು ಯಂಕಣ್ಣ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತ ಬಂದಿದ್ದರು, ಬೀಗರನ್ನೂ ಬಿಟ್ಟಿರಲಿಲ್ಲ. ಗಿರಿಜವ್ವನಿಗೆ ಆ ಕಣ್ಣು ತೆರೆಯಬೇಕಿತ್ತು, ಸಾಕ್ಷಿ ಅಳಿಯಬೇಕಿತ್ತು. ಗಂಡ ಅದರದೊಂದು ಫೋಟೊ ತೆಗೆದಿಟ್ಟುಕೊಳ್ಳಬಾರದೆಂದು ಅವರ ಮೊಬೈಲನ್ನೂ ತಮ್ಮ ಚೀಲದಲ್ಲೇ ಇಟ್ಟುಕೊಂಡಿದ್ದರು.

ಮುಚ್ಚಿದ ರೆಪ್ಪೆಯ ಹಿಂದೆ ಎಂಥ ಕಣ್ಣಿತ್ತೋ ತನಗೇನು ಗೊತ್ತು ಎಂದರು ಸೈದಪ್ಪ. ನೋಡಿಕೋ ಎಂದು ಗಿರಿಜವ್ವ ಕಣ್ಣರಳಿಸಿ ಎದುರಿಗೆ ಕೂತರು. ರೆಪ್ಪೆ ಬಡಿಯದೆ ಕೂತು ಕೂತು ನೀರೇ ಸುರಿಯಿತು. ಸೈದಪ್ಪ ತಲೆಯಾಡಿಸಿದರು. ಇವು ಅಜ್ಜಿಯ ಕಣ್ಣು, ಮದುಮಗಳ ಮುಖಕ್ಕೆ ಹೊಂದುವುದಿಲ್ಲವಂತೆ. ಗಿರಿಜವ್ವ ಫೋಟೊ ಚೀಲಕ್ಕೆ ಹಾಕತೊಡಗಿದರು. ಅಲ್ಲಿಯವರೆಗೆ ನಗುತ್ತಿದ್ದ ಯಂಕಣ್ಣ ಹೆಂಡತಿಯ ಮುಖ ನೋಡಿ ನಗು ಬಿಟ್ಟರು.

"ಆವತ್ತ ಇಕಿ ಕಣ್ಣಿನ ಹೊರಗಿನ ತುದಿ ಒಂಚೂರು ಮ್ಯಾಲೆ ಇತ್ತು," ಎಂದರು, ಬಾಗಿಲ ಕಡೆ ನೋಡುತ್ತ. "ಎಡಗಣ್ಣು ಒಂದೆಳಿ ಸಣ್ಣದು. ನನ್ನ ಕಡೆ ಓರೆಗಣ್ಣಿಲೆ ನೋಡಾಕತ್ತಿದ್ಲು."

"ಅಷ್ಟೆಲ್ಲಾ ನೋಡಿದ್ರೇನು ನೀವು?" ಎಂದರು ಗಿರಿಜವ್ವ.

ಸೈದಪ್ಪನವರಿಗೆ ಅಷ್ಟು ಸಾಕಾಯಿತು. ಕಂಡವರು ಎದುರಿಗೆ ಕೂತು ಹೇಳುತ್ತಿರುವಾಗ ಅದು ಇಲ್ಲದ್ದೇನೂ ಅಲ್ಲ ಎಂದು ಲೇಖನಿ ಹಿಡಿದರು. ರೆಪ್ಪೆ ಎಷ್ಟು ಅಗಲ, ದೃಷ್ಟಿ ಎಷ್ಟು ಓರೆ ಎಂದು ಕೇಳುತ್ತ ಹೋದರು. ಯಂಕಣ್ಣ ಯಾವುದಕ್ಕೂ ತಡವರಿಸಲಿಲ್ಲ. ಶಾಯಿ ಒಣಗಿದ ಮೇಲೆ ಫೋಟೊ ತಟ್ಟೆಗಿಳಿಯಿತು. ಮಂಟಪ, ಜನ, ಮುಚ್ಚಿದ ರೆಪ್ಪೆ ಎಲ್ಲ ಮಾಯವಾಗಿ, ಮದುಮಗಳು ಗಂಡನತ್ತ ಓರೆಗಣ್ಣಿನಿಂದ ನೋಡುತ್ತ ಉಳಿದಳು.

"ಇನ್ನ ನಿದ್ದಿ ಮಾಡಿದ್ಲು ಅನ್ನಾಂಗಿಲ್ರಿ ಯಜಮಾನ್ರ," ಎಂದರು ಸೈದಪ್ಪ.

"ಯಾಕ ಅನ್ಲಿ? ತಾಳಿ ಕಟ್ಟೂದ್ರಾಗ ನನ್ನ ಮ್ಯಾಲೆ ಕಣ್ಣಿಟ್ಟಿದ್ಲು ಅಂತ ತೋರಸ್ತೀನಿ," ಎಂದರು ಯಂಕಣ್ಣ.

ಗಿರಿಜವ್ವ ಸೈದಪ್ಪನವರತ್ತ ತಿರುಗಿ, ಆ ಕಣ್ಣು ಮತ್ತೆ ಮುಚ್ಚಲು ಬರುತ್ತದೆಯೇ ಎಂದು ಕೇಳಿದರು. ಶಾಯಿ ಹೋಗುವುದಿಲ್ಲ ಅಕ್ಕಾರ ಎಂದು ಅವರು ತಟ್ಟೆ ತೊಳೆಯಲು ಎದ್ದರು.