ಮೋಟು ರಿವಾಲ್ವರಿಗೆ ವರ್ನಾ ಆರಿಸಿದ ಗುಂಡು

ವರ್ನಾ ಸ್ಟಕಿ ಮುಂದಿನ ತಿಂಗಳು ಕೆಲಸ ಬಿಡುತ್ತಾಳೆ. ಅವಳ ಬಗ್ಗೆ ಒಂದು ಪುಟ ಬರೆದುಕೊಡು ಎಂದು ಚರ್ಚಿನ ಪತ್ರಿಕೆಯವರು ನನ್ನನ್ನೇ ಹಿಡಿದುಕೊಂಡಿದ್ದಾರೆ. ಎಂಟು ವರ್ಷ ಒಂದೇ ಕೌಂಟರಿನ ಹಿಂದೆ ಅವಳ ಪಕ್ಕದಲ್ಲಿ ನಿಂತವನು ನಾನು, ಆರ್ವಿಲ್ ಪ್ರೂಯಿಟ್. ಆ ಎಂಟು ವರ್ಷಗಳಲ್ಲಿ ಅವಳನ್ನು ಕಂಡು ನನ್ನ ಹೊಟ್ಟೆ ಉರಿಯದ ದಿನ ಒಂದೂ ಇಲ್ಲ. ಅದನ್ನು ಮುಚ್ಚಿಟ್ಟು ಬರೆಯಲು ನನಗೆ ಬರುವುದಿಲ್ಲ.

ಅಮೆರಿಕದ ಓಝಾರ್ಕ್ ಬೆಟ್ಟಗಳ ನಡುವಿನ ನಮ್ಮ ಅಂಗಡಿಯಲ್ಲಿ ಬಂದೂಕು, ಗುಂಡು, ಮೀನಿನ ಗಾಳ, ಕೋಳಿ ಮೇವು ಎಲ್ಲವೂ ಸಿಗುತ್ತದೆ. ಗುಂಡಿನ ಕಪಾಟು ಮೊದಲಿನಿಂದಲೂ ನನ್ನದು. ವರ್ನಾ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಊಟ ಬಡಿಸಿ, ಗಂಡ ತೀರಿಕೊಂಡ ಮೇಲೆ ಗಾಳ ಮಾರಲು ಬಂದವಳು. ಒಂದು ಮಧ್ಯಾಹ್ನ ನಾನು ಊಟಕ್ಕೆ ಹೋಗಿದ್ದಾಗ ಯಾರೋ ಒಬ್ಬಳು ನರ್ಸ್ ಬಂದು, ಚೀಲದಲ್ಲಿಡುವ ಮೋಟು ರಿವಾಲ್ವರಿಗೆ ಯಾವ ಗುಂಡು ಒಳ್ಳೆಯದು ಎಂದು ಕೇಳಿದಳಂತೆ. ವರ್ನಾ ತಾನೇ ಒಂದು ಡಬ್ಬಿ ಆರಿಸಿ ಕೊಟ್ಟು ಕಳಿಸಿದಳು. ಅಲ್ಲಿಗೆ ನನ್ನ ಕಪಾಟು ಕೈ ತಪ್ಪಿತು. ಬಾಗಿಲು ತೆರೆದವರೆಲ್ಲ ನನ್ನ ಮುಖ ನೋಡಿಯೇ ಕೇಳತೊಡಗಿದರು:

“ವರ್ನಾ ಮೇಡಂ ಇಲ್ವಾ?”

“ನಾನಿದೀನಲ್ಲ.”

“ಪರ್ವಾಗಿಲ್ಲ ಬಿಡಿ, ಕಾಯ್ತೀವಿ.”

ಕಾಯುತ್ತಾರಂತೆ! ನಾನೇನು ಅಲ್ಲಿ ಗೋಡೆಗೆ ಒರಗಿಸಿಟ್ಟ ಪೊರಕೆಯೇ?

ಅವಳ ರೀತಿಯೇ ಬೇರೆ. ಬಂದವರ ಬಂದೂಕನ್ನು ಆಮೇಲೆ ನೋಡುತ್ತಿದ್ದಳು. ಮೊದಲು, “ಎಲ್ಲಿ, ಕೈ ಕೊಡು ನೋಡಣ,” ಎಂದು ಕೈ ಹಿಡಿದು, ಹೆಬ್ಬೆರಳಿನ ಬುಡ ಒತ್ತಿ, ನೋವಿದೆಯೇ ಎಂದು ಕೇಳುತ್ತಿದ್ದಳು. ಆಮೇಲೆ ಅಂಗಡಿಯ ಹಿಂದಿನ ಜಲ್ಲಿ ಗುಂಡಿಗೆ ಕರೆದೊಯ್ದು, ಏಳು ಹೆಜ್ಜೆ ದೂರದಲ್ಲಿ ಒಂದು ಕಾಗದದ ತಟ್ಟೆ ಸಿಕ್ಕಿಸಿ, ಐದು ಗುಂಡು ಹೊಡೆಸುತ್ತಿದ್ದಳು. ಮೊದಲ ನಾಲ್ಕನ್ನು ಅವಳು ನೋಡುತ್ತಲೇ ಇರಲಿಲ್ಲ; ಬಂದೂಕಿನ ಒದೆ ನಾಲ್ಕು ಸಲ ತಿಂದ ಕೈ ಐದನೆಯದಕ್ಕೂ ನಿಲ್ಲುತ್ತದೆಯೇ ಎನ್ನುವುದಷ್ಟೇ ಅವಳಿಗೆ ಬೇಕಿತ್ತು. ಐದನೆಯದು ತಟ್ಟೆ ಬಿಟ್ಟು ಹೋದರೆ ಆ ಡಬ್ಬಿ ವಾಪಸ್ ಕಪಾಟಿಗೆ.

ನನ್ನದು ವೈಜ್ಞಾನಿಕ ಪದ್ಧತಿ. ಶನಿವಾರ ಬೆಳಿಗ್ಗೆ ನೀರು ತುಂಬಿದ ಕ್ಯಾನುಗಳನ್ನು ಸಾಲಾಗಿಟ್ಟು, ಮೈಮೇಲಿನ ಬಟ್ಟೆಯ ಲೆಕ್ಕಕ್ಕೆ ಮುಂದೆ ಹಳೇ ಜೀನ್ಸಿನ ನಾಲ್ಕು ಪದರ ಕಟ್ಟಿ ಹೊಡೆಯುತ್ತಿದ್ದೆ. ಮೂತಿಯಲ್ಲಿ ಗುಳಿಯಿರುವ ಗುಂಡು ನೀರೊಳಗೆ ಹೂವಿನಂತೆ ಅರಳಬೇಕು; ಅರಳಿದಷ್ಟೂ ಪೆಟ್ಟು ಜೋರು, ಅದೇ ಅದರ ಗುಣ. ಅರಳಿದ್ದನ್ನು ಹೆಕ್ಕಿ, ಹತ್ತಿಯ ಮೇಲೆ ಜೋಡಿಸಿ, ಹೆಸರು ಬರೆದು ಇಡುತ್ತಿದ್ದೆ. ಗಂಡಸರು ಕಾಫಿ ಹಿಡಿದು ಸುತ್ತ ನಿಲ್ಲುತ್ತಿದ್ದರು. ವರ್ನಾ ಒಮ್ಮೆ ಬಂದು ನೋಡಿ, “ಯಾವ ಗನ್ನಲ್ಲಿ ಹೊಡೆದೆ ಆರ್ವಿಲ್?” ಎಂದಳು. ನಾಲ್ಕಿಂಚು ನಳಿಗೆಯ, ಭಾರದ ನನ್ನ ಉಕ್ಕಿನ ರಿವಾಲ್ವರ್ ತೋರಿಸಿದೆ. “ಹೂಂ,” ಎಂದು ಒಳಗೆ ಹೋದಳು. ಆ ‘ಹೂಂ’ ನನಗೆ ವಾರಗಟ್ಟಲೆ ಚುಚ್ಚಿತು.

ನನ್ನ ಹೆಂಡತಿ ಇಮೋಜೀನ್ ಜನ ಕಾಸು ಹಾಕಿ ಯಂತ್ರದಲ್ಲಿ ಬಟ್ಟೆ ಒಗೆದುಕೊಳ್ಳುವ ಅಂಗಡಿ ನೋಡಿಕೊಳ್ಳುತ್ತಾಳೆ. ಎರಡು ವರ್ಷದ ಹಿಂದೆ ಒಬ್ಬ ಅಲ್ಲಿಗೆ ನುಗ್ಗಿ ಅವಳನ್ನು ಗೋಡೆಗೆ ತಳ್ಳಿ ಓಡಿದ. ಮರುದಿನವೇ ನಾನು ನಮ್ಮ ಅಂಗಡಿಯಲ್ಲಿದ್ದ ಅತಿ ಹಗುರವಾದ ಎರಡಿಂಚು ನಳಿಗೆಯ ರಿವಾಲ್ವರ್ ತಂದೆ. ನನ್ನ ಹತ್ತಿಯ ಮೇಲೆ ಎಲ್ಲಕ್ಕಿಂತ ಅಗಲವಾಗಿ ಅರಳಿದ್ದ, ಮದ್ದು ಜೋರಾಗಿ ತುಂಬಿದ ಗುಂಡುಗಳನ್ನೇ ಐದು ಹಾಕಿ ಅವಳ ಚೀಲದಲ್ಲಿಟ್ಟೆ. “ಇದಕ್ಕಿಂತ ಒಳ್ಳೇದಿಲ್ಲ ಕಣೇ,” ಎಂದೆ. “ಸರಿ,” ಎಂದಳು.

ಈ ಏಪ್ರಿಲಿನಲ್ಲಿ ಎಣ್ಣೆ ಹಾಕಲೆಂದು ಅದನ್ನು ಬಿಚ್ಚಿದರೆ, ನನ್ನ ಗುಂಡುಗಳು ಇಲ್ಲ. ಅವುಗಳ ಜಾಗದಲ್ಲಿ ಚಪ್ಪಟೆ ಮೂತಿಯ, ಗುರಿ ಅಭ್ಯಾಸಕ್ಕೆಂದು ಮಾರುವ ಮೆತ್ತನೆಯ ಗುಂಡುಗಳು. ಯಾರ ಕೈವಾಡವೆಂದು ಕೇಳಬೇಕಾಗಿರಲಿಲ್ಲ. ಇಡೀ ಊರು ಅವಳನ್ನು ಕೇಳಲಿ, ನನ್ನ ಹೆಂಡತಿಯೂ ಅವಳನ್ನೇ ಕೇಳುವುದೇ? ಇಮೋಜೀನ್ ಬೇರೆ ಗಂಡಸಿನ ಜೊತೆ ಊಟಕ್ಕೆ ಹೋಗಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಇಮೋಜೀನಳನ್ನು ಗಾಡಿಯಲ್ಲಿ ಕೂರಿಸಿಕೊಂಡು ನೇರ ನಮ್ಮ ಬಂದೂಕಿನ ಅಂಗಡಿಗೆ ಹೋದೆ.

“ಇದೇನು ನೀನು ಮಾಡಿದ್ದು?” ಎಂದು ಗುಂಡುಗಳನ್ನು ವರ್ನಾಳ ಮುಂದೆ ಸುರಿದೆ. “ಡಬ್ಬಕ್ಕೆ ಹೊಡೆಯೋ ಗುಂಡು ಕೊಟ್ಟು ನನ್ನ ಹೆಂಡ್ತೀನ ಸಾಯ್ಸಬೇಕು ಅಂತಿದೀಯಾ?”

“ಅರಚಬೇಡ, ನಂಗೆ ಕಿವಿ ಕೇಳ್ಸುತ್ತೆ,” ಎಂದಳು ವರ್ನಾ. “ಆ ಮೋಟು ನಳಿಗೇಲಿ ಗುಂಡಿಗೆ ವೇಗ ಸಾಲಲ್ಲ. ನಿನ್ನ ಗುಂಡಿನ ಗುಳೀಲಿ ಬಟ್ಟೆ ತುಂಬ್ಕೊಂಡು ಅರಳದೇನೇ ಹೋಗುತ್ತೆ. ಅರಳದೇ ಇರೋದಕ್ಕೆ ಆ ಒದೆ ಯಾಕೆ ತಿನ್ಬೇಕು? ಇದು ಚಪ್ಪಟೆ ಆದ್ರೂ ನೆಟ್ಟಗೆ ಒಳಗೆ ಹೋಗುತ್ತೆ. ಅವಳು ಹೊಡೀಬಲ್ಲಳು.”

“ನನ್ನದನ್ನೂ ಹೊಡೀತಾಳೆ. ಬಾ, ತೋರಿಸ್ತೀನಿ.”

ಜಲ್ಲಿ ಗುಂಡಿಯಲ್ಲಿ ತಟ್ಟೆ ಸಿಕ್ಕಿಸಿದೆ. ನನ್ನ ಐದು ಗುಂಡು ಹಾಕಿ ರಿವಾಲ್ವರನ್ನು ಇಮೋಜೀನಳ ಕೈಗಿತ್ತೆ. ಅವಳು ನನ್ನನ್ನೊಮ್ಮೆ ನೋಡಿ ಗುರಿ ಹಿಡಿದಳು. ಮೊದಲನೆಯದು ತಟ್ಟೆಯ ಅಂಚಿಗೆ ತಾಗಿತು. ಎರಡನೆಯದಕ್ಕೆ ಮೊದಲೇ ಅವಳು ಕಣ್ಣು ಮುಚ್ಚಿದ್ದಳು, ಗುಂಡು ಮಣ್ಣಿಗೆ ಹೋಯಿತು. ಮೂರನೆಯದಕ್ಕೆ ರಿವಾಲ್ವರ್ ಕೈಯಿಂದ ಹಾರಿಹೋಗುವುದರಲ್ಲಿತ್ತು. ನಾಲ್ಕನೆಯದಕ್ಕೆ ಟ್ರಿಗರ್ ಅಲುಗಲೇ ಇಲ್ಲ.

“ಎಳಿಯೇ,” ಎಂದೆ.

“ಎಳೀತಾ ಇದೀನಿ ಆರ್ವಿಲ್!”

ನಳಿಗೆ ಗುಡ್ಡದ ಕಡೆಗೇ ಇರಲೆಂದು ಹೇಳಿ, ಹುಷಾರಾಗಿ ಇಸಕೊಂಡು ನೋಡಿದೆ. ಹಗುರವಾದ ಆ ರಿವಾಲ್ವರ್ ಒದ್ದ ರಭಸಕ್ಕೆ, ಉಳಿದಿದ್ದ ಎರಡರಲ್ಲಿ ಒಂದರ ಸೀಸ ತನ್ನ ಹಿತ್ತಾಳೆಯ ಕೊಳವೆಯಿಂದ ಮುಂದಕ್ಕೆ ಜಾರಿ, ಗುಂಡು ತುಂಬಿ ತಿರುಗುವ ಸಿಲಿಂಡರಿನಿಂದ ಮೂತಿ ಹೊರಗೆ ಚಾಚಿ ಚೌಕಟ್ಟಿಗೆ ಸಿಕ್ಕಿಕೊಂಡಿತ್ತು. ಸಿಲಿಂಡರ್ ಒಂದು ಕೂದಲೆಳೆಯಷ್ಟೂ ತಿರುಗುತ್ತಿರಲಿಲ್ಲ. ಅಂದು ಅವಳನ್ನು ತಳ್ಳಿದವನು ಮತ್ತೆ ನುಗ್ಗಿದ್ದರೆ ಅವಳ ಕೈಯಲ್ಲಿ ಒಂದು ಕಬ್ಬಿಣದ ತುಂಡು ಇರುತ್ತಿತ್ತು, ಅಷ್ಟೇ.

ಇಮೋಜೀನಳ ಹೆಬ್ಬೆರಳಿನ ಸಂದಿಯಲ್ಲಿ ರಕ್ತ ಬಂದಿತ್ತು. ಅವಳು ಅದನ್ನು ಕರವಸ್ತ್ರದಲ್ಲಿ ಒತ್ತಿಕೊಂಡು, “ಇಷ್ಟು ವರ್ಷ ನೀರಿನ ಕ್ಯಾನಿಗೆ ಹೊಡೆದ್ಯಲ್ಲ, ಒಂದೇ ಒಂದು ಸಲ ನನ್ನ ಕೈಗೆ ಕೊಟ್ಟು ನೋಡ್ಬೇಕು ಅನ್ನಿಸ್ಲಿಲ್ವಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೈ ತೊಳೆಯಲು ಒಳಗೆ ಹೋದಳು.

ವರ್ನಾ ಮತ್ತು ನಾನು ಉಳಿದೆವು. ಅವಳು ಗೆದ್ದವಳಂತೆ ನಕ್ಕಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ತಟ್ಟೆ ಕಿತ್ತು ಮಡಚುತ್ತಾ ನಿಂತಿದ್ದಳು.

“ನಿನ್ನ ಹತ್ರ ಯಾವಾಗ ಬಂದ್ಲು?” ಎಂದು ಕೇಳಿದೆ.

“ಫೆಬ್ರವರೀಲಿ.”

“ನನ್ನ ಮೇಲೆ ದೂರು ಹೇಳಿದ್ಲಾ?”

“ಇಲ್ವಲ್ಲ.” ವರ್ನಾ ಮಡಚಿದ ತಟ್ಟೆಯನ್ನು ಜೇಬಿಗೆ ತುರುಕಿದಳು. “ಒಬ್ಳೇ ಎಲ್ಲೋ ಒಂದು ಸಲ ಹೊಡೆದು ನೋಡಿದ್ಲಂತೆ. ನೀನು ಹಾಕ್ಕೊಟ್ಟ ಗುಂಡು ಒಂದನ್ನ ಅಂಗೈಲಿಟ್ಕೊಂಡು ಬಂದಿದ್ಲು. ‘ನೋಡೋಕೆ ಥೇಟ್ ಹಿಂಗೇ ಇದ್ದು, ಒದೆಯೋದು ಮಾತ್ರ ಕಮ್ಮಿ ಇರೋದು ಯಾವುದಾದ್ರೂ ಇದ್ಯಾ? ಆರ್ವಿಲ್‌ಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾನೆ’ ಅಂದ್ಲು. ಅಂಥದ್ದು ನನ್ನ ಹತ್ರ ಇರ್ಲಿಲ್ಲ.”