ಹಿಂಭಾರ ಕಂಡರೆ ಗೇಟು ತೆರೆಯದ ಹಮೀದುನ್ನೀಸಾ

ಜೂನ್ ತಿಂಗಳ ಶನಿವಾರ, ಬೆಳಗಿನ ಐದೂವರೆ. ಅಮೆರಿಕದ ಡರ್ಹಮ್ ಊರಿನ ಅಂಚಿನಲ್ಲಿರುವ ಟ್ರೇಲರ್ ಬಾಡಿಗೆ ಯಾರ್ಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾಲಾಗಿ ನಿಂತ ಬಿಳಿ ಟ್ರೇಲರ್‌ಗಳ ಅಡಿಯಲ್ಲಿ ಒಂದು ಟಾರ್ಚಿನ ಬೆಳಕು ಓಡಾಡುತ್ತಿದೆ. ಹತ್ತಿರ ಹೋದರೆ ಮೊದಲು ಕಾಣುವುದು ಎರಡು ಕಾಲು, ಸಲ್ವಾರಿನ ಮೇಲೆ ಬಿಗಿದ ಕಪ್ಪು ಮೊಣಕಾಲು ಪ್ಯಾಡು. ಆಮೇಲೆ ಅಡಿಯಿಂದ ಒಂದು ದನಿ ಬರುತ್ತದೆ.

“ಈ ಟಯರ್ ನಗ್ತಾ ಇದೆ ನೋಡಿ. ಇದನ್ನ ಕಳ್ಸಲ್ಲ ನಾನು.”

ಟಯರು ನಗುವುದೆಂದರೆ ಅದರ ಪಕ್ಕೆಯಲ್ಲಿ ಬಿರುಕು ಬಾಯಿ ಬಿಟ್ಟಿದೆ ಎಂದರ್ಥ. ಹೀಗೆ ಹೇಳುತ್ತಾ ಮೈ ಕೊಡವಿಕೊಂಡು ಎದ್ದು ನಿಲ್ಲುವವರು ಐವತ್ತೆಂಟು ವರ್ಷದ ಹಮೀದುನ್ನೀಸಾ. ದುಪಟ್ಟಾವನ್ನು ತಲೆಯ ಹಿಂದೆ ಗಂಟು ಹಾಕಿ, ಜೇಬಿನಲ್ಲಿ ಗಾಳಿ ಅಳೆಯುವ ಮೀಟರು, ಕೈಯಲ್ಲಿ ತೋಳುದ್ದದ ಸ್ಪ್ಯಾನರು ಹಿಡಿದಿರುತ್ತಾರೆ. ಯಾರ್ಡಿನ ಅಮೆರಿಕನ್ನರಿಗೆ ‘ಮಿಸ್ ಹಮೀದಾ’, ರಾಲಿ–ಡರ್ಹಮ್‌ನ ಕನ್ನಡದವರಿಗೆಲ್ಲ ‘ಹಮೀದಾ ಆಂಟಿ’. ಕಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು, ಅದರೊಳಗೆ ಹಾಸಿಗೆ, ಒಲೆ, ಫ್ರಿಜ್ಜು, ಬಚ್ಚಲು ಎಲ್ಲವನ್ನೂ ಎಳೆದುಕೊಂಡು ನೂರಾರು ಮೈಲಿ ಹೊರಡುವ ಸಂಸಾರಗಳನ್ನು ಕೊನೆಯ ಬಾರಿ ನೋಡಿ ಕಳಿಸುವ ಕೆಲಸ ಇವರದು. ಇವರು ‘ಹ್ಞೂಂ’ ಎನ್ನದೆ ಗೇಟು ತೆರೆಯುವುದಿಲ್ಲ. ರಜೆ ಮುಗಿಸಿ ಬಂದವರು ಬೆಟ್ಟದ ಫೋಟೋ ತೋರಿಸುತ್ತಾರೆ, ಕೆರೆಯ ಫೋಟೋ ತೋರಿಸುತ್ತಾರೆ. ಈ ಎಲೆಮರೆಯ ಕಾಯಿಯ ಫೋಟೋ ಯಾರ ಫೋನಿನಲ್ಲೂ ಇಲ್ಲ.

ಬೇಸಿಗೆಯ ಶನಿವಾರಗಳಲ್ಲಿ ಹದಿನಾಲ್ಕು ಗಾಡಿಗಳಾದರೂ ಹೊರಡುತ್ತವೆ. ಒಂದೊಂದಕ್ಕೂ ನಲವತ್ತೊಂದು ಕಡೆ ಕೈಯಿಟ್ಟು ನೋಡಬೇಕು. ಟಯರಿನ ಗಾಳಿ, ಅದರ ವಯಸ್ಸು, ಚಕ್ರದ ನಟ್ಟುಗಳ ಬಿಗಿ, ಕಾರಿಗೂ ಟ್ರೇಲರಿಗೂ ನಡುವಿನ ಕೊಂಡಿಯ ಅಡಿಯಲ್ಲಿ ಕತ್ತರಿಯಂತೆ ಹಾದುಹೋಗಬೇಕಾದ ಎರಡು ಸರಪಳಿ, ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಿಡಿಸುವ ತಂತಿ. ದಿನಕ್ಕೆ ಅರವತ್ತು ಸಲ ಮಂಡಿಯೂರುತ್ತಾರಂತೆ. “ನಮಾಜಿಗೂ ಇಷ್ಟು ಬಗ್ಗಿಲ್ಲ ನಾನು, ಅಲ್ಲಾ ಮಾಫ್ ಮಾಡ್ಲಿ,” ಎಂದು ಕೆನ್ನೆ ತಟ್ಟಿಕೊಂಡು ನಗುತ್ತಾರೆ.

ಈ ಕೆಲಸಕ್ಕೆ ಅವರು ಬಂದದ್ದು ಪೊರಕೆ ಹಿಡಿದು. 2020ರಲ್ಲಿ ಕೋವಿಡ್ ಬಂದು, ಅವರು ಅಡುಗೆ ಮಾಡುತ್ತಿದ್ದ ಕ್ಯಾಂಟೀನು ಬಾಗಿಲು ಹಾಕಿತು. ಗಂಡ ನವಾಬ್ ಸಾಹೇಬರಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಹಗಲಿರುಳು ಕೆಲಸ. ಹೋಟೆಲು ವಿಮಾನಗಳಿಗೆ ಹೆದರಿದ ಜನ ಟ್ರೇಲರ್‌ಗಳಿಗೆ ಮುಗಿಬಿದ್ದಿದ್ದರು. ವಾಪಸ್ ಬಂದ ಗಾಡಿಗಳನ್ನು ಔಷಧಿ ಹಾಕಿ ಒರೆಸಲು ಯಾರ್ಡಿಗೆ ಆಳು ಬೇಕಾಗಿತ್ತು. ಒಳಗೆ ಒರೆಸಲು ಹೋದ ಹಮೀದುನ್ನೀಸಾ ಹೊರಗೂ ಒರೆಸಿದರು, ಅಡಿಗೂ ಬಗ್ಗಿ ನೋಡಿದರು. ಸವೆದ ಟಯರು, ಬಿಟ್ಟುಹೋದ ಪಿನ್ನು ಕಣ್ಣಿಗೆ ಬೀಳತೊಡಗಿದವು. ಹೇಳಿದಾಗ ಮೆಕ್ಯಾನಿಕ್ ಮೊದಲು ನಕ್ಕ, ಮೂರನೆಯ ಸಲ ನಗಲಿಲ್ಲ. ಆಮೇಲೆ ಮಾಲೀಕನೇ ಕಾಲೇಜಿನ ಸಂಜೆ ತರಗತಿಗೆ ಸೇರಿಸಿದ. ಇಪ್ಪತ್ತು ಜನರ ಆ ತರಗತಿಯಲ್ಲಿ ಹೆಂಗಸು ಇವರೊಬ್ಬರೇ.

“ಪುಸ್ತಕದಲ್ಲಿ ಕೊಂಡಿ ಮೇಲೆ ಎಷ್ಟು ಭಾರ ಬೀಳ್ಬೇಕು ಅಂತ ನಾಲ್ಕು ಪೇಜ್ ಬರ್ದಿದ್ರು. ಓದಿ ತಲೆ ಕೆಟ್ಟೋಯ್ತು. ಆಮೇಲೆ ಚಿತ್ರ ನೋಡ್ದೆ. ಅರೆ, ಇದು ನಮ್ಮ ಅಬ್ಬಾನ ಜಟಕಾ ಗಾಡಿ ಅಲ್ವಾ ಅಂದ್ಕೊಂಡೆ!”

ಅವರ ತಂದೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಜಟಕಾ ಓಡಿಸುತ್ತಿದ್ದವರು. ಜಟಕಾ ಹತ್ತಿದವರಿಗೆ ಆ ಮಾತು ನೆನಪಿರುತ್ತದೆ: “ಸ್ವಲ್ಪ ಮುಂದೆ ಬನ್ನಿ ಸ್ವಾಮಿ, ಹಿಂಭಾರ ಆಯ್ತು.” ಹಿಂದೆ ಜನ ಹೆಚ್ಚಾದರೆ ಕುದುರೆಗೆ ಕಟ್ಟಿದ ಮೂಕಿ ಮೇಲೇಳುತ್ತದೆ, ಕುದುರೆಯ ಕಾಲು ನೆಲಕ್ಕೆ ಸಿಗುವುದಿಲ್ಲ. ಟ್ರೇಲರಿಗೂ ಅದೇ ರೋಗ. ಹಿಂದೆ ಭಾರ ಹೆಚ್ಚಾದರೆ ಹೈವೇಯಲ್ಲಿ ಅದು ಬಾಲ ಅಲ್ಲಾಡಿಸತೊಡಗುತ್ತದೆ, ಜೋರಾದರೆ ಕಾರನ್ನೂ ಎಳೆದುಕೊಂಡು ಮಗುಚುತ್ತದೆ. ಪರೀಕ್ಷೆಯಲ್ಲಿ ಹಮೀದುನ್ನೀಸಾ ಕುದುರೆಯ ಚಿತ್ರ ಬರೆದು ಉತ್ತರ ವಿವರಿಸಿದರಂತೆ. ಮೇಷ್ಟ್ರು ಪೂರ್ತಿ ಅಂಕ ಕೊಟ್ಟರಂತೆ.

ಎಲ್ಲವೂ ನಗೆಯಲ್ಲೇ ಕಲಿತದ್ದಲ್ಲ. 2022ರಲ್ಲಿ ಒಬ್ಬ ಗಿರಾಕಿ, “ನಿಜವಾದ ಮೆಕ್ಯಾನಿಕ್ಕನ್ನು ಕರೀರಿ,” ಎಂದು ಕಿರುಚಾಡಿದ. ಗಾಡಿ ಹಿಂಭಾರವಾಗಿದೆ ಎಂದು ಗೊತ್ತಿದ್ದೂ ಇವರು ಬಿಟ್ಟುಕೊಟ್ಟರು. ಎರಡು ಗಂಟೆಯ ನಂತರ ಟ್ರೇಲರ್ ರಸ್ತೆ ಬದಿಯ ಹುಲ್ಲಿನ ಮೇಲೆ ಅಂಗಾತ ಬಿದ್ದಿತ್ತು. ಜೀವ ಹೋಗಲಿಲ್ಲ, ಒಬ್ಬರ ತೋಳು ಮುರಿಯಿತು. “ಅವ್ನು ಕಿರುಚಿದ್ದು ಅವನ ತಪ್ಪು. ಸುಮ್ನಾಗಿದ್ದು ನನ್ನ ತಪ್ಪು,” ಎನ್ನುವಾಗ ಹಮೀದುನ್ನೀಸಾರ ಮುಖದಲ್ಲಿ ನಗೆಯಿಲ್ಲ. ಅಲ್ಲಿಂದೀಚೆಗೆ ಅವರು ಯಾರಿಗೂ ಬಗ್ಗಿಲ್ಲ. ಇನ್ನೂರಕ್ಕೂ ಹೆಚ್ಚು ಗಾಡಿಗಳನ್ನು ಗೇಟಿನಲ್ಲೇ ನಿಲ್ಲಿಸಿ ಸಾಮಾನು ಇಳಿಸಿದ್ದಾರೆ.

ಇವತ್ತು ಎಂಟೂಕಾಲಿಗೆ ಅಂಥದೇ ಒಂದು ಗಾಡಿ ಬಂದು ನಿಲ್ಲುತ್ತದೆ. ರಾಲಿಯ ಕೃಷ್ಣಪ್ರಸಾದ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ನಿನ್ನೆ ಸಂಜೆ ಖಾಲಿ ಟ್ರೇಲರ್ ಒಯ್ದು, ಮನೆಯಲ್ಲಿ ಸಾಮಾನು ತುಂಬಿ, ತೂಕ ನೋಡಿಸಲು ತಂದಿದ್ದಾರೆ. ಹೋಗಬೇಕಾದದ್ದು ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನ ತಂಗಿ ಇಂದುವಿನ ಮನೆಗೆ, ಅಲ್ಲಿಂದ ಎಲ್ಲರೂ ಕೂಡಿ ಕೆರೆಯ ದಡದ ಕ್ಯಾಂಪಿಗೆ. ಹೆಚ್ಚುಕಡಿಮೆ ನಾನೂರು ಮೈಲಿ. ಹೆಂಡತಿ ಶೈಲಜಾ ಮತ್ತು ಹತ್ತು ವರ್ಷದ ಮಗಳು ಶ್ರಾವಣಿ ಹಿಂದೆ ಬೇರೆ ಕಾರಿನಲ್ಲಿ ಬಂದಿದ್ದಾರೆ. ಶ್ರಾವಣಿ ಟ್ರೇಲರ್ ಕಟ್ಟಿದ ಕಾರು ಹತ್ತುವುದಿಲ್ಲ. ಕಳೆದ ಬೇಸಿಗೆಯಲ್ಲಿ ಇನ್ನೆಲ್ಲೋ ಬಾಡಿಗೆಗೆ ತಂದ ಟ್ರೇಲರೊಂದು, ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಎಡಕ್ಕೂ ಬಲಕ್ಕೂ ಹೊಡೆದಾಡಿದ್ದನ್ನು ಅವಳು ಹಿಂದಿನ ಸೀಟಿನಿಂದ ಕಣ್ಣಾರೆ ಕಂಡಿದ್ದಾಳೆ. ಅವತ್ತು ಅರ್ಧ ದಾರಿಯಿಂದಲೇ ಮನೆಗೆ ಮರಳಿದ್ದರು. ಈ ಸಲ ಅವಳದು ಒಂದೇ ಷರತ್ತು: ಕನ್ನಡ ಕ್ಲಾಸಿನ ಗೆಳತಿ ಹರಿಣಿ ಹೇಳಿದ ಆ ಆಂಟಿ ಓಕೆ ಅಂದರೆ ಮಾತ್ರ ಹತ್ತುತ್ತಾಳೆ. ಇಲ್ಲವಾದರೆ ಪ್ರವಾಸವೇ ಇಲ್ಲ.

ಹಮೀದುನ್ನೀಸಾ ಕೊಂಡಿಯ ಕೆಳಗೆ ತೂಕದ ಯಂತ್ರವಿಟ್ಟು ನೋಡುತ್ತಾರೆ. ಮುನ್ನೂರು ಪೌಂಡು. ಐದು ಸಾವಿರ ಪೌಂಡಿನ ಗಾಡಿಗೆ ಐನೂರರ ಮೇಲೆ, ಆರುನೂರರ ಆಸುಪಾಸು ಇರಬೇಕು.

“ಹಿಂಭಾರ ಪ್ರಸಾದ್ ಅವ್ರೇ. ಹಿಂದಿನ ಬಾಗ್ಲು ತೆಗೀರಿ.”

ತೆಗೆದರೆ ಒಂದು ಪುಟ್ಟ ದಿನಸಿ ಅಂಗಡಿ. ಇಪ್ಪತ್ತು ಪೌಂಡಿನ ಅಕ್ಕಿ ಚೀಲ ನಾಲ್ಕು, ವೆಟ್ ಗ್ರೈಂಡರು, ಹದಿನೈದು ಜನರ ಇಡ್ಲಿ ಪಾತ್ರೆ, ಎರಡು ಕುಕ್ಕರು, ಐಸ್ ತುಂಬಿದ ಪೆಟ್ಟಿಗೆಯಲ್ಲಿ ದೋಸೆ ಹಿಟ್ಟು, ನೀರಿನ ಕ್ಯಾನುಗಳು. ಸಾಲದೆಂದು ಹೊರಗೆ ಬಂಪರಿಗೆ ನಾಲ್ಕು ಸೈಕಲ್ಲು ಕಟ್ಟಿದೆ.

“ಜಾನ್ಸ್ ಕ್ರೀಕಲ್ಲಿ ಅಕ್ಕಿಗೆ ಬರಗಾಲ ಬಂದಿದ್ಯಾ ಶೈಲಜಮ್ಮಾ?”

“ಇಲ್ಲಿ ಸೇಲ್ ಇತ್ತು ಆಂಟಿ,” ಎಂದು ಶೈಲಜಾ ನಾಚುತ್ತಾರೆ.

ಕೃಷ್ಣಪ್ರಸಾದರಿಗೆ ನಗು ಬರುವುದಿಲ್ಲ. ಗಡಿಯಾರ ನೋಡುತ್ತಾರೆ. “ಆಂಟಿ, ಒಂಬತ್ತಕ್ಕೆ ರಾಹುಕಾಲ ಸ್ಟಾರ್ಟ್ ಆಗತ್ತೆ. ಅಷ್ಟರಲ್ಲಿ ಹೊರಡ್ಲೇಬೇಕು. ಲಾಸ್ಟ್ ಇಯರ್ ಹಾಗಾದಾಗಿಂದ ಅಮ್ಮ ಮೈಸೂರಿಂದ ದಿನಾ ಫೋನ್ ಮಾಡಿ ಇದೊಂದೇ ಹೇಳ್ತಿದಾರೆ. ನಿಧಾನವಾಗಿ ಡ್ರೈವ್ ಮಾಡ್ತೀನಿ, ಅಲ್ಲಿ ಹೋಗಿ ಅಡ್ಜಸ್ಟ್ ಮಾಡ್ಕೋತೀನಿ.”

“ಒಂಬತ್ತು ಮೈಸೂರಿನ ಲೆಕ್ಕ ರೀ. ಇಲ್ಲಿಯ ಸೂರ್ಯೋದಯದ ಪ್ರಕಾರ ಒಂಬತ್ತೂ ಮೂವತ್ತೇಳು ಅಂತ ಆ್ಯಪ್ ತೋರಿಸ್ತಿದೆ,” ಎನ್ನುತ್ತಾರೆ ಶೈಲಜಾ.

“ಅಮ್ಮ ಕೇಳಿದ್ರೆ ಯಾವ ಟೈಮ್ ಹೇಳ್ಲಿ?”

ಸೂರ್ಯ ಯಾವ ಊರಿನವನು ಎಂದು ಗಂಡಹೆಂಡತಿ ವಾದಕ್ಕಿಳಿಯುವಾಗ ಶ್ರಾವಣಿ ಸದ್ದಿಲ್ಲದೆ ಅಮ್ಮನ ಕಾರಿಗೆ ವಾಪಸ್ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹಮೀದುನ್ನೀಸಾ ಅದನ್ನು ನೋಡುತ್ತಾರೆ. ಎಳೆದು ಇಳಿಸಲು ಹೋಗುವುದಿಲ್ಲ, ಬೈಯುವುದೂ ಇಲ್ಲ.

“ಪ್ರಸಾದ್ ಅವ್ರೇ, ಪರಸ್ಥಾನ ಅಂತ ಕೇಳಿದೀರಾ?”

ಕೃಷ್ಣಪ್ರಸಾದ ಇಲ್ಲವೆಂದು ತಲೆಯಾಡಿಸುತ್ತಾರೆ. ಹಮೀದುನ್ನೀಸಾ ಬೆಳೆದ ಬೀದಿಯಲ್ಲಿ ಶಾನುಭೋಗರ ಮನೆಯೊಂದಿತ್ತಂತೆ. ಒಳ್ಳೆಯ ಗಳಿಗೆಯಲ್ಲಿ ಹೊರಡಲಾಗದಿದ್ದರೆ ಆ ಮನೆಯವರು ಒಂದು ಚೀಲವನ್ನು ಮೊದಲೇ ಒಯ್ದು ಜಟಕಾ ಸಾಬರ, ಅಂದರೆ ಇವರ ಅಬ್ಬಾನ, ಮನೆಯ ಜಗಲಿಯ ಮೇಲಿಡುತ್ತಿದ್ದರು. ಚೀಲ ಹೊಸ್ತಿಲು ದಾಟಿದರೆ ಪ್ರಯಾಣ ಶುರುವಾದಂತೆಯೇ. ಆಮೇಲೆ ನಿಧಾನವಾಗಿ ಊಟ ಮಾಡಿ ಹೊರಟರೂ ದೋಷವಿಲ್ಲ. ಈಗ ಯಾರ್ಡಿನ ಗೇಟಿನಾಚೆ ಹಮೀದುನ್ನೀಸಾ ಒಂದು ಮರದ ಬೆಂಚು ಹಾಕಿಸಿದ್ದಾರೆ. ಮಾಲೀಕ ಅದನ್ನು ಕಾಯುವವರಿಗೆಂದು ತಿಳಿದಿದ್ದಾನೆ. ಕನ್ನಡದವರು ಚೀಲ ಇಡುವುದನ್ನು ನೋಡಿ ಒಂದಿಬ್ಬರು ಅಮೆರಿಕನ್ನರೂ ಯಾಕಿರಬಹುದೆಂದು ಕೇಳದೆ ತಮ್ಮ ಚೀಲ ತಂದು ಇಡುತ್ತಾರಂತೆ.

“ಅಮ್ಮನಿಗೆ ಫೋನ್ ಮಾಡಿ ಕೇಳಿ. ಪರಸ್ಥಾನ ಇಟ್ರೆ ಸಾಕಾ ಅಂತ.”

ಮೈಸೂರಿನಲ್ಲಿ ಸಂಜೆ ಆರರ ಮೇಲಾಗಿದೆ. ಸ್ಪೀಕರಿನಲ್ಲಿ ಅಮ್ಮನ ದನಿ ಯಾರ್ಡಿಗೆಲ್ಲ ಕೇಳುತ್ತದೆ. “ಅಯ್ಯೋ, ಪರಸ್ಥಾನ ಇಟ್ಮೇಲೆ ಇನ್ನೇನೋ! ನಿಂಗ್ಯಾರೋ ಹೇಳ್ಕೊಟ್ಟಿದ್ದು ಅಲ್ಲಿ?”

“ಹಮೀದುನ್ನೀಸಾ ಅಂತ ಅಮ್ಮಾ.”

“ಪುಣ್ಯಾತ್‌ಗಿತ್ತಿ. ಅವರು ಹೇಳ್ದಂಗೆ ಕೇಳು.”

ಒಂಬತ್ತಕ್ಕೆ ಐದು ನಿಮಿಷವಿರುವಾಗ ಶೈಲಜಾರ ಕೈಚೀಲ ಬೆಂಚಿನ ಮೇಲೆ ಕೂರುತ್ತದೆ. ಇತ್ತ ಸೈಕಲ್ಲುಗಳು ಯಾರ್ಡಿನಲ್ಲೇ ಬಿಟ್ಟುಹೋಗುವ ಶೈಲಜಾರ ಕಾರಿಗೆ ಸೇರುತ್ತವೆ. ಗ್ರೈಂಡರು, ಅಕ್ಕಿ, ನೀರು ಎಲ್ಲವೂ ಚಕ್ರಕ್ಕಿಂತ ಮುಂದೆ ಬರುತ್ತವೆ. ಬೆವರಿಳಿಸಿಕೊಂಡು ಹೊರುತ್ತಿರುವ ಕೃಷ್ಣಪ್ರಸಾದರಿಗೆ ಹಮೀದುನ್ನೀಸಾ ಹೇಳುತ್ತಲೇ ಇರುತ್ತಾರೆ, “ಇನ್ನೂ ಸ್ವಲ್ಪ ಮುಂದೆ ಬನ್ನಿ ಸ್ವಾಮಿ.” ಮತ್ತೆ ತೂಗಿದಾಗ ಆರುನೂರ ಹತ್ತು.

ಆದರೂ ಶ್ರಾವಣಿ ಇಳಿಯುವುದಿಲ್ಲ. ಹಮೀದುನ್ನೀಸಾ ಕಾರಿನ ಕಿಟಕಿಯ ಹತ್ತಿರ ಮಂಡಿಯೂರುತ್ತಾರೆ. ಇವತ್ತಿನ ಅರವತ್ತರ ಲೆಕ್ಕಕ್ಕೆ ಸೇರದ ಮಂಡಿ ಅದು.

“ಆಂಟಿ, ಪ್ರಾಮಿಸ್? ಇಟ್ ವೋಂಟ್ ಶೇಕ್?”

“ಅಲ್ಲಾಡೋದೇ ಇಲ್ಲ ಅಂದ್ರೆ ಸುಳ್ಳಾಗ್ತದೆ ಮಗಾ. ದೊಡ್ಡ ಲಾರಿ ಬಂದ್ರೆ ಒಂಚೂರು ಅಲ್ಲಾಡ್ಬೋದು. ಆಗ ಏನ್ ಮಾಡ್ಬೇಕು ಅಂತ ನಿಮ್ಮಪ್ಪನ ಕೇಳೋಣ. ಪರೀಕ್ಷೆ ನೀನೇ ಮಾಡು.”

ಕಾರಿಳಿದ ಮಗಳ ಮುಂದೆ ಅಪ್ಪ, ಸಾಮಾನು ಹೊರುವಾಗ ಹಮೀದುನ್ನೀಸಾ ಹೇಳಿಕೊಟ್ಟ ಪಾಠವನ್ನು ಇಂಗ್ಲಿಷಿನಲ್ಲಿ ಒಪ್ಪಿಸುತ್ತಾರೆ. ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಸ್ಟೀರಿಂಗ್ ನೆಟ್ಟಗೆ ಹಿಡಿಯಬೇಕು. ಕಾಲಿನ ಬ್ರೇಕು ಒತ್ತಬಾರದು. ಟ್ರೇಲರ್ ಬ್ರೇಕಿನ ಪುಟ್ಟ ಹಿಡಿಯನ್ನು ಮಾತ್ರ ಕೈಯಿಂದ ಮೆಲ್ಲಗೆ ಒತ್ತಬೇಕು. ಗಂಟೆಗೆ ಅರವತ್ತು ಮೈಲಿಯ ಮೇಲೆ ಓಡಿಸಬಾರದು. ಆಮೇಲೆ ಮಗಳ ಮುಖ ನೋಡದೆ ಹೇಳುತ್ತಾರೆ, “ಲಾಸ್ಟ್ ಟೈಮ್ ನಾನು ಬ್ರೇಕ್ ಒತ್ಬಿಟ್ಟೆ ಪುಟ್ಟಿ. ಅದಕ್ಕೇ ಅಷ್ಟು ಜೋರಾಯ್ತು. ಗಾಳಿ ಅಂತ ಹೇಳಿದ್ದೆ ನಿಂಗೆ. ಗಾಳಿ ಅಲ್ಲ, ನನ್ನ ತಪ್ಪು.”

“ಓಕೆ,” ಎನ್ನುತ್ತಾಳೆ ಶ್ರಾವಣಿ. “ಬಟ್ ಯು ಹ್ಯಾವ್ ಟು ಸೇ ಇಟ್ ಒನ್ ಮೋರ್ ಟೈಮ್, ಕನ್ನಡದಲ್ಲಿ.” ಅಪ್ಪ ಮತ್ತೊಮ್ಮೆ ಪಾಠ ಒಪ್ಪಿಸುತ್ತಾರೆ. ಹತ್ತು ಗಂಟೆ ಐದು ನಿಮಿಷಕ್ಕೆ, ಮೈಸೂರಿನ ಲೆಕ್ಕದಲ್ಲೂ ಡರ್ಹಮ್‌ನ ಲೆಕ್ಕದಲ್ಲೂ ನಟ್ಟನಡು ರಾಹುಕಾಲದಲ್ಲಿ, ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿಕೊಂಡು ಸಂಸಾರ ಹೊರಡುತ್ತದೆ. “ಐವತ್ತು ಮೈಲಿ ಆದ್ಮೇಲೆ ನಿಲ್ಸಿ ನಟ್ಟು ಬಿಗಿ ನೋಡಿ!” ಎಂದು ಹಮೀದುನ್ನೀಸಾ ಗೇಟಿನವರೆಗೂ ಕೂಗಿಕೊಂಡು ಹೋಗುತ್ತಾರೆ.

ಆಮೇಲೆ ಇನ್ನೂ ಏಳು ಗಾಡಿ. ಒಂದಕ್ಕೆ ದೀಪ ಹತ್ತುವುದಿಲ್ಲ. ಇನ್ನೊಂದರ ಯಜಮಾನರು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಮರೆಯದೆ ಇಟ್ಟಿದ್ದಾರೆ, ಚಕ್ರಕ್ಕೆ ಅಡ್ಡಕೊಟ್ಟ ಮರದ ತುಂಡು ತೆಗೆಯುವುದನ್ನು ಮರೆತಿದ್ದಾರೆ. ಹಮೀದುನ್ನೀಸಾ ಕೆಲಸ ಮಾಡುತ್ತಾ, ಬೈಯುತ್ತಾ, ನಗುತ್ತಾ ಇರುತ್ತಾರೆ. ನಡುನಡುವೆ ಫೋನು ತೆಗೆದು ನೋಡಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಪ್ರತಿ ಶನಿವಾರವೂ ಹೀಗೆಯೇ ಎಂದು ಯಾರ್ಡಿನವರು ಹೇಳುತ್ತಾರೆ. ಕಳಿಸಿದ ಗಾಡಿ ತಲುಪಿದ ಸುದ್ದಿ ಬರುವವರೆಗೆ ಅವರಿಗೆ ಊಟ ಸೇರುವುದಿಲ್ಲ.

ಎರಡೂಕಾಲಿಗೆ ಫೋನು ಬರುತ್ತದೆ. ಶೈಲಜಾ ಪಿಸುಗುಟ್ಟುತ್ತಿದ್ದಾರೆ. ಹಮೀದುನ್ನೀಸಾ ಹೆದರಿ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಡುತ್ತಾರೆ.

“ಯಾಕಮ್ಮಾ ಮೆಲ್ಲಗೆ ಮಾತಾಡ್ತಿದೀಯ? ಏನಾಯ್ತು?”

“ಏನೂ ಆಗಿಲ್ಲ ಆಂಟಿ. ಸೌತ್ ಕ್ಯಾರೊಲಿನಾದಲ್ಲಿದೀವಿ. ನಟ್ಟು ನೋಡಿದ್ವಿ, ಸರಿಯಾಗಿದೆ. ಮೊದಲು ಒಂದು ಗಂಟೆ ಇವ್ಳು ಹಿಂದೆ ತಿರುಗಿ ನೋಡ್ತಾನೇ ಇದ್ಲು. ಒಂದ್ಸಲ ಲಾರಿ ಬಂತು, ಇವ್ರು ಕಾಲು ತೆಗೆದ್ರು, ಅಷ್ಟೇ, ಸರಿಹೋಯ್ತು. ಆಮೇಲೆ ನಿದ್ದೆ ಮಾಡ್ಬಿಟ್ಲು. ಅದಕ್ಕೇ ಮೆಲ್ಲಗೆ ಮಾತಾಡ್ತಿದೀನಿ.”

“ಫೋನು ಅವಳ ಹತ್ರ ಹಿಡಿ, ಒಂದ್ನಿಮಿಷ.”

ಒಂದು ಕಿವಿಗೆ ಫೋನನ್ನು ಒತ್ತಿ, ಇನ್ನೊಂದು ಕಿವಿಯನ್ನು ಗ್ರೀಸು ಮೆತ್ತಿದ ಅಂಗೈಯಲ್ಲಿ ಮುಚ್ಚಿಕೊಂಡು ಹಮೀದುನ್ನೀಸಾ ನಿಂತಲ್ಲೇ ನಿಲ್ಲುತ್ತಾರೆ. ನೂರಾರು ಮೈಲಿ ಆಚೆ, ಐದು ಸಾವಿರ ಪೌಂಡಿನ ಗಾಡಿಯನ್ನೆಳೆಯುವ ಕಾರಿನಲ್ಲಿ ಒಂದು ಮಗು ಸಣ್ಣಗೆ ಗೊರಕೆ ಹೊಡೆಯುತ್ತಿದೆ. ಕೇಳಿ ಮುಗಿಸಿ, ಕಣ್ಣೊರೆಸಿಕೊಂಡು, ಮುಖಕ್ಕೆಲ್ಲ ಗ್ರೀಸು ಮಾಡಿಕೊಂಡು ಅವರು ನಗುತ್ತಾರೆ.

“ನಾನು ಕಳಿಸಿದ ಗಾಡೀಲಿ ಮಕ್ಕಳು ಹೀಗೆ ನಿದ್ದೆ ಹೋಗ್ಬೇಕು. ಎದ್ದ ಮೇಲೆ ನನ್ನ ಹೆಸರು ಮರೆತ್ರೂ ಪರವಾಗಿಲ್ಲ.”